ಲಂಡನ್ನಿನಲ್ಲಿ ಮುಗಿಯದ ಕುಸ್ತಿ

ಮಲ್ಲಯುದ್ಧದ ಚರಿತ್ರೆಯಲ್ಲಿ ಇಂದಿಗೂ ಬಹುವಾಗಿ ನೆನೆಯಲಾಗುವ ಪಂದ್ಯವೊಂದು, ಅದನ್ನು ಕಣ್ಣಾರೆ ಕಂಡವರ ಪಾಲಿಗೆ ತೀರಾ ನೀರಸವಾದ ಪಂದ್ಯವೂ ಆಗಿತ್ತು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಪಂಜಾಬಿನ ಪೈಲ್ವಾನ್ ಗಾಮಾ ಮತ್ತು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಎದುರುಬದುರಾದರು. ವಿಶ್ವ ಹೆವಿವೇಟ್ ಚಾಂಪಿಯನ್ ಎಂಬ ಬಿರುದು, ‘ಜಾನ್ ಬುಲ್’ ಹೆಸರಿನ ಬೆಲ್ಟ್ ಹಾಗೂ 250 ಪೌಂಡುಗಳ ಬಹುಮಾನ ಪಣವಾಗಿದ್ದವು. ಮೊದಲ ನಿಮಿಷ ಮುಗಿಯುವುದರೊಳಗೆ ಗಾಮಾ ಎದುರಾಳಿಯನ್ನು ನೆಲಕ್ಕೆ ಕೆಡವಿದ. ಆಮೇಲೆ ಜಿಬಿಸ್ಕೋ ಏಳುವ ಗೋಜಿಗೇ ಹೋಗಲಿಲ್ಲವೆನ್ನಬೇಕು. ಅಂಗೈ, ಮೊಣಕಾಲುಗಳನ್ನು ಚಾಪೆಗೆ ಊರಿ, ಕೆಲವೊಮ್ಮೆ ಹೊಟ್ಟೆಯ ಮೇಲೆ ಒರಗಿ, ಆಮೆ ಚಿಪ್ಪಿನೊಳಗೆ ಸೇರಿಕೊಂಡಂತೆ ತನ್ನ ದೇಹದ ಭಾರದಲ್ಲಿ ತಾನು ಅಡಗಿಕೊಂಡ. ಗಾಮಾ ಹಿಂದಿನಿಂದ ಹಿಡಿದೆಳೆದ, ಮಗ್ಗುಲಿನಿಂದ ಎತ್ತಲು ನೋಡಿದ, ತಿರುಗಿಸಲು ಹೆಣಗಿದ. ಎರಡೂವರೆ ಗಂಟೆ ಕಳೆದರೂ ಆ ಬೆನ್ನು ಚಾಪೆಗೆ ತಾಗಲಿಲ್ಲ. ಕಡೆಗೆ ಪಂದ್ಯವನ್ನು ನಿರ್ಣಯವಿಲ್ಲದೆ ನಿಲ್ಲಿಸಲಾಯಿತು.

ನಮ್ಮಲ್ಲಿ ಪ್ರಚಲಿತವಿರುವ ಕಥೆಯಲ್ಲಿ ಈ ವಿವರಗಳು ಮಸುಕಾಗಿವೆ. ಗಾಮಾ ಲಂಡನ್ನಿಗೆ ಹೋದ, ಬಿಳಿಯರ ಮಲ್ಲನನ್ನು ಮಣ್ಣುಮುಕ್ಕಿಸಿದ, ವಿಶ್ವವಿಜೇತನಾಗಿ ಮರಳಿದ ಎಂದಷ್ಟೇ ನಾವು ಹೇಳಿಕೊಳ್ಳುತ್ತೇವೆ. ಬೆಲ್ಟ್ ಅವನದಾದದ್ದು ನಿಜ. ಆದರೆ ಅದು ದಕ್ಕಿದ್ದು ಒಂದು ವಾರದ ನಂತರ, ಎದುರಾಳಿಯೇ ಇಲ್ಲದ ಕಣದಲ್ಲಿ. ಗಾಮಾನ ಕೀರ್ತಿಗೆ ಈ ಸಂಗತಿಯಿಂದ ಕುಂದೇನೂ ಇಲ್ಲ. ಬದಲಿಗೆ ವೃತ್ತಿಪರ ಕುಸ್ತಿಯೆಂಬುದು ಮುಂದೆ ಏಕೆ ನಾಟಕವಾಗಿ ಮಾರ್ಪಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಆ ನೀರಸವಾದ ಎರಡೂವರೆ ಗಂಟೆಗಳನ್ನು ಗಮನಿಸಬೇಕು.

ಗಾಮಾನ ನಿಜನಾಮ ಗುಲಾಂ ಮೊಹಮ್ಮದ್ ಬಕ್ಷ್. 1878ರಲ್ಲಿ ಅಮೃತಸರ ಸೀಮೆಯಲ್ಲಿ, ಕಾಶ್ಮೀರಿ ಮೂಲದ ಪೈಲ್ವಾನರ ಮನೆತನದಲ್ಲಿ ಹುಟ್ಟಿದವನು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಕಡೆಯ ಬಂಧುಗಳ ಆರೈಕೆಯಲ್ಲಿ ಸಾಮು ಕಲಿತ. 10 ವರ್ಷದವನಿದ್ದಾಗ ಜೋಧಪುರದಲ್ಲಿ ನಡೆದ ಬಸ್ಕಿ ಹೊಡೆಯುವ ಸ್ಪರ್ಧೆಯಲ್ಲಿ 400ಕ್ಕೂ ಹೆಚ್ಚು ಪೈಲ್ವಾನರ ನಡುವೆ ಕೊನೆಯವರೆಗೆ ಉಳಿದ ಕೆಲವರಲ್ಲಿ ಅವನೂ ಒಬ್ಬನಾಗಿದ್ದ. ಹುಡುಗನ ವಯಸ್ಸನ್ನು ಕಂಡು ಮಹಾರಾಜರು ಅವನನ್ನೇ ವಿಜೇತನೆಂದು ಸಾರಿದರು. ಅನಂತರ ದತಿಯಾ ಸಂಸ್ಥಾನದ ಆಶ್ರಯ ದೊರೆಯಿತು. ಏಳಡಿಯ ಸಮೀಪದ ಎತ್ತರವಿದ್ದ ರಹೀಂ ಬಕ್ಷ್ ಸುಲ್ತಾನಿವಾಲಾನೊಂದಿಗೆ ಯುವಕ ಗಾಮಾ ಗಂಟೆಗಟ್ಟಲೆ ಸೆಣಸಿ ಸಮಬಲ ಸಾಧಿಸಿದ ಮೇಲೆ ಅವನ ಹೆಸರು ದೇಶದ ಎಲ್ಲ ಅಖಾಡಗಳಿಗೂ ಹಬ್ಬಿತು. ಅವನ ಎತ್ತರವಾದರೋ ಐದು ಅಡಿ ಏಳೆಂಟು ಅಂಗುಲ ಮಾತ್ರ. ತೂಕ ಸುಮಾರು 90 ಕಿಲೋ.

1910ರಲ್ಲಿ ಬಂಗಾಳದ ಸಿರಿವಂತ ಶರತ್ ಕುಮಾರ್ ಮಿತ್ರ ಖರ್ಚುವೆಚ್ಚ ವಹಿಸಿಕೊಂಡು ಗಾಮಾ ಮತ್ತು ಅವನ ತಮ್ಮ ಇಮಾಂ ಬಕ್ಷ್ ಸೇರಿದಂತೆ ಪೈಲ್ವಾನರ ತಂಡವೊಂದನ್ನು ಇಂಗ್ಲೆಂಡಿಗೆ ಕಳುಹಿಸಿದ. ಸ್ವದೇಶಿ ಚಳವಳಿಯ ಕಾವು ಇನ್ನೂ ಆರದಿದ್ದ ಬಂಗಾಳವದು. ಬ್ರಿಟಿಷರ ಕಣ್ಣಿನಲ್ಲಿ ದುರ್ಬಲರೆನಿಸಿಕೊಂಡಿದ್ದವರಿಗೆ ದೇಹಬಲವೆಂಬುದು ಆತ್ಮಗೌರವದ ವಿಷಯವಾಗಿತ್ತು. ಮರುವರ್ಷ, 1911ರಲ್ಲಿ, ಮೋಹನ್ ಬಗಾನ್ ತಂಡ ಬ್ರಿಟಿಷ್ ಸೇನಾ ತಂಡವನ್ನು ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಕಲ್ಕತ್ತೆಯ ಬೀದಿಗಳು ಸಂಭ್ರಮಿಸಿದ್ದನ್ನು ಇದರೊಂದಿಗೆ ಇಟ್ಟು ನೋಡಬೇಕು.

ಲಂಡನ್ನಿನಲ್ಲಿ ಮೊದಲು ದೊರೆತದ್ದು ತಾತ್ಸಾರ. ಕುಳ್ಳನೆಂಬ ಕಾರಣಕ್ಕೆ ಗಾಮಾನನ್ನು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಯಾವುದೇ ತೂಕದ ಮೂವರು ಮಲ್ಲರನ್ನು ಅರ್ಧ ಗಂಟೆಯಲ್ಲಿ ಕೆಡವುತ್ತೇನೆಂದು ಅವನು ಸವಾಲು ಹಾಕಿದ. ಅದನ್ನೂ ಬಹಳ ಮಂದಿ ಪ್ರಚಾರದ ಗಿಮಿಕ್ಕೆಂದೇ ಬಗೆದರು. ಕಡೆಗೆ ಅಮೆರಿಕದ ಬೆಂಜಮಿನ್ ರೋಲರ್ ಮುಂದೆ ಬಂದ. ವೃತ್ತಿಯಿಂದ ವೈದ್ಯನಾಗಿದ್ದ ರೋಲರ್ ಒಳ್ಳೆಯ ಕುಸ್ತಿಪಟು. ಆಗಸ್ಟ್ 8ರಂದು ಅಲ್ಹಂಬ್ರಾ ರಂಗಮಂದಿರದಲ್ಲಿ ಗಾಮಾ ಅವನನ್ನು ಮೊದಲ ಸುತ್ತಿನಲ್ಲಿ ಎರಡು ನಿಮಿಷದೊಳಗೆ, ಎರಡನೆಯ ಸುತ್ತಿನಲ್ಲಿ ಹತ್ತು ನಿಮಿಷದೊಳಗೆ ಚಿತ್ ಮಾಡಿದ. ಇಮಾಂ ಬಕ್ಷ್ ಕೂಡ ಸ್ವಿಟ್ಜರ್ಲೆಂಡಿನ ಜಾನ್ ಲೆಮ್‌ನನ್ನು ಕೆಲವೇ ನಿಮಿಷಗಳಲ್ಲಿ ಸೋಲಿಸಿದ. ಪೂರ್ವದಿಂದ ಬಂದವರನ್ನು ಇನ್ನು ಕಡೆಗಣಿಸುವಂತಿರಲಿಲ್ಲ.

ಆ ದಿನಗಳ ಯುರೋಪು, ಅಮೆರಿಕಗಳ ಮನಃಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಅದೇ ವರ್ಷದ ಜುಲೈ 4ರಂದು ರೀನೋ ನಗರದಲ್ಲಿ ಕಪ್ಪು ವರ್ಣೀಯ ಬಾಕ್ಸರ್ ಜಾಕ್ ಜಾನ್ಸನ್, ಬಿಳಿಯರ ಆಶಾಕಿರಣವೆನಿಸಿದ್ದ ಜಿಮ್ ಜೆಫ್ರೀಸ್‌ನನ್ನು ಬಡಿದು ಹಾಕಿದ್ದ. ಅದರ ಬೆನ್ನಿಗೇ ಅಮೆರಿಕದ ಹಲವು ಊರುಗಳಲ್ಲಿ ಗಲಭೆಗಳಾದವು. ಮರುವರ್ಷ ಲಂಡನ್ನಿನಲ್ಲಿ ಜಾನ್ಸನ್ ಬ್ರಿಟಿಷ್ ಬಾಕ್ಸರನೊಬ್ಬನನ್ನು ಎದುರಿಸಬೇಕಿದ್ದ ಪಂದ್ಯವನ್ನು ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ನಡೆಯಗೊಡಲಿಲ್ಲ. ಇಂಥ ಕಾಲದಲ್ಲಿ, ಸಾಮ್ರಾಜ್ಯದ ರಾಜಧಾನಿಯಲ್ಲಿಯೇ, ಸಾಮ್ರಾಜ್ಯದ ಪ್ರಜೆಯೊಬ್ಬ ವಿಶ್ವಚಾಂಪಿಯನ್ ಪಟ್ಟಕ್ಕೆ ಕೈಯೊಡ್ಡಿ ನಿಂತಿದ್ದ.

ಎದುರಿಗಿದ್ದವನೂ ಆಳುವ ಜನಾಂಗಕ್ಕೆ ಸೇರಿದವನಲ್ಲವೆಂಬುದು ಕುತೂಹಲಕರ. ಜಿಬಿಸ್ಕೋ ಹುಟ್ಟಿದ ಪೋಲೆಂಡ್ ಆಗ ಭೂಪಟದಲ್ಲಿ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಅವನು ಆಸ್ಟ್ರಿಯಾದ ಪಾಲಿಗೆ ಬಂದ ಭಾಗದವನು. ಗ್ರೀಕೋ-ರೋಮನ್ ಶೈಲಿಯಲ್ಲಿ ಪಳಗಿದ್ದ ಈತ ಗಾಮಾನಿಗಿಂತ 20 ಕಿಲೋಗೂ ಹೆಚ್ಚು ಭಾರವಿದ್ದ. ಕುಸ್ತಿಯ ಕಣದಲ್ಲಿ ಎದುರಾದ ಇಬ್ಬರಿಗೂ ತಮ್ಮದೆಂದು ಹೇಳಿಕೊಳ್ಳುವ ಸ್ವತಂತ್ರ ದೇಶವಿರಲಿಲ್ಲ.

ಅಷ್ಟು ಹೊತ್ತು ಗಾಮಾ ಅವನನ್ನು ತಿರುಗಿಸಲಾಗದೆ ಹೋದದ್ದೇಕೆ? ನಮ್ಮ ಮಟ್ಟಿಯ ಕುಸ್ತಿ ಬಲ್ಲವರಿಗೆ ಇದರ ಉತ್ತರ ಸುಲಭವಾಗಿ ಹೊಳೆದೀತು. ಗಾಮಾನದು ಸಡಿಲ ಮಣ್ಣಿನ ಅಖಾಡದಲ್ಲಿ ರೂಪುಗೊಂಡ ವಿದ್ಯೆ. ನಿಂತಲ್ಲೇ ಎದುರಾಳಿಯ ತೂಕವನ್ನು ತಪ್ಪಿಸಿ, ಕ್ಷಣಾರ್ಧದಲ್ಲಿ ಎತ್ತಿ ಎಸೆದು, ಬೆನ್ನು ಮಣ್ಣಿಗೆ ತಾಗಿಸುವುದರಲ್ಲಿ ಅವನ ಹೆಚ್ಚುಗಾರಿಕೆಯಿತ್ತು. ವೈಟ್ ಸಿಟಿಯಲ್ಲಿ ನಡೆದದ್ದಾದರೋ ಹಾಸಿದ ಚಾಪೆಯ ಮೇಲಿನ ‘ಕ್ಯಾಚ್’ ಶೈಲಿಯ ಕುಸ್ತಿ. ಎರಡೂ ಭುಜಗಳು ಚಾಪೆಗೆ ಒತ್ತಲ್ಪಡುವತನಕ ಅಲ್ಲಿ ಸೋಲಿಲ್ಲ. ಬೋರಲು ಬಿದ್ದವನು ಎಷ್ಟು ಹೊತ್ತು ಬೇಕಾದರೂ ಹಾಗೆಯೇ ಇರಬಹುದು. ನೆಲ ಹಿಡಿದು ರಕ್ಷಿಸಿಕೊಳ್ಳುವುದು ಗ್ರೀಕೋ-ರೋಮನ್ ಮಲ್ಲರಿಗೆ ಕರತಲಾಮಲಕ. ನೂರಾರು ಕಿಲೋ ತೂಗುವ, ತಾನಾಗಿ ಏನನ್ನೂ ಮಾಡಲೊಲ್ಲದ ದೇಹವನ್ನು ಮಗುಚುವುದು ಎಂಥ ಬಲಶಾಲಿಗೂ ಕಷ್ಟವೇ. ಪಟ್ಟುಗಳು ಕೆಲಸ ಮಾಡುವುದು ಎದುರಾಳಿಯೂ ಏನಾದರೊಂದು ಮಾಡಲು ಹೊರಟಾಗ. ಅವನ ಚಲನೆಯೇ ಅವನಿಗೆ ಮುಳುವಾಗುತ್ತದೆ. ಚಲಿಸದವನ ಮೇಲೆ ಪ್ರಯೋಗಿಸಲು ಗರಡಿಯಲ್ಲಿ ಕಲಿಸಿದ ವಿದ್ಯೆ ಸಾಲಲಿಲ್ಲ.

ಜಿಬಿಸ್ಕೋನ ನಡೆ ನಿಯಮಬಾಹಿರವಾಗಿರಲಿಲ್ಲ. ಆದರೆ ಹಣ ತೆತ್ತು ಬಂದಿದ್ದ ಸಾವಿರಾರು ಪ್ರೇಕ್ಷಕರಿಗೆ ಅದು ಹೇಡಿತನವಾಗಿ ಕಂಡಿತು. ಮುಂದಿನ ಶನಿವಾರ, ಸೆಪ್ಟೆಂಬರ್ 17ರಂದು, ಮತ್ತೆ ಸೆಣಸಬೇಕೆಂದು ತೀರ್ಮಾನವಾಯಿತು. ಆ ದಿನ ಗಾಮಾ ಬಂದ, ಜಿಬಿಸ್ಕೋ ಬರಲಿಲ್ಲ. ಗಾಮಾನನ್ನು ವಿಜೇತನೆಂದು ಘೋಷಿಸಿ ಬಹುಮಾನವನ್ನೂ ಬೆಲ್ಟನ್ನೂ ಒಪ್ಪಿಸಲಾಯಿತು. ಜಗತ್ತಿನ ಅಗ್ರಮಾನ್ಯ ಮಲ್ಲನೆನಿಸಿದ್ದ ಅಮೆರಿಕದ ಫ್ರಾಂಕ್ ಗಾಚ್ ಅವನಿಗೆ ಎಂದೂ ಎದುರಾಗಲಿಲ್ಲ. ಗಾಮಾ ಸ್ವದೇಶಕ್ಕೆ ಮರಳಿ, ಅಲಹಾಬಾದಿನಲ್ಲಿ ಹಳೆಯ ಎದುರಾಳಿ ರಹೀಂ ಸುಲ್ತಾನಿವಾಲಾನನ್ನು ಸೋಲಿಸಿ ‘ರುಸ್ತುಂ-ಎ-ಹಿಂದ್’ ಎನಿಸಿದ.

ಪಶ್ಚಿಮದ ವೃತ್ತಿಪರ ಕುಸ್ತಿ ಆ ಹೊತ್ತಿಗೆ ಒಂದು ಕವಲುದಾರಿಯಲ್ಲಿ ನಿಂತಿತ್ತು. ಲಂಡನ್ನಿನ ಸಂಗೀತ ಮಂದಿರಗಳಲ್ಲಿ ಜಾರ್ಜ್ ಹ್ಯಾಕೆನ್‌ಸ್ಮಿತ್ ಎಂಬ ಅಸಾಧಾರಣ ಬಲಶಾಲಿ ಎದುರಾಳಿಗಳನ್ನು ಕ್ಷಣಗಳಲ್ಲಿ ಕೆಡವುತ್ತಿದ್ದ. ಇಷ್ಟು ಬೇಗ ಮುಗಿದರೆ ಜನ ಬರುವುದಿಲ್ಲ, ಸ್ವಲ್ಪ ಆಟವಾಡಿಸಿ ಆಮೇಲೆ ಕೆಡವು ಎಂದು ಅವನಿಗೆ ಬುದ್ಧಿ ಹೇಳಿದವನು ಪ್ರದರ್ಶನಗಳ ವ್ಯವಸ್ಥಾಪಕ ಸಿ. ಬಿ. ಕಾಕ್ರನ್. ಅದೇ ಹ್ಯಾಕೆನ್‌ಸ್ಮಿತ್ 1908ರಲ್ಲಿ ಷಿಕಾಗೋದಲ್ಲಿ ಗಾಚ್‌ನೊಂದಿಗೆ ಎರಡು ಗಂಟೆ ಸೆಣಸಿ ಸೋಲೊಪ್ಪಿಕೊಂಡ. 1916ರಲ್ಲಿ ಒಮಾಹಾದಲ್ಲಿ ಜೋ ಸ್ಟೆಚರ್ ಮತ್ತು ಎಡ್ ಲೂಯಿಸ್ ಸುಮಾರು ಐದು ಗಂಟೆ ಒಬ್ಬರಿಗೊಬ್ಬರು ಒರಗಿಕೊಂಡು ಸಮಬಲದಲ್ಲಿ ಮುಗಿಸಿದರು. ಪಂದ್ಯ ಬೇಗ ಮುಗಿದರೂ ಪ್ರೇಕ್ಷಕನಿಗೆ ನಷ್ಟ, ಮುಗಿಯದಿದ್ದರೂ ನಷ್ಟ. ನೈಜ ಕುಸ್ತಿಯಲ್ಲಿ ಸಮಬಲರಾದ ಇಬ್ಬರು ಮಲ್ಲರು ಬಹಳ ಹೊತ್ತು ಏನನ್ನೂ ಮಾಡದೆ ಇರುವುದೇ ಸಹಜ. ಟಿಕೆಟ್ ಮಾರುವವನ ಸಂಕಟ ಅದು.

ಇದಕ್ಕೆ 1920ರ ದಶಕದಲ್ಲಿ ಅಮೆರಿಕದಲ್ಲಿ ಪರಿಹಾರ ಕಂಡುಕೊಂಡರು. ಎಡ್ ಲೂಯಿಸ್, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ ಹಾಗೂ ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಪಂದ್ಯಗಳಿಗೆ ಕಾಲಮಿತಿ ಹಾಕಿದರು. ಹಾರಾಟ, ಎಸೆತಗಳ ಅಬ್ಬರ ಸೇರಿಸಿದರು. ಯಾರು ಗೆಲ್ಲಬೇಕೆಂಬುದನ್ನು ಮೊದಲೇ ನಿಶ್ಚಯಿಸತೊಡಗಿದರು. ಪ್ರೇಕ್ಷಕರು ಮತ್ತೆ ತುಂಬಿ ಬಂದರು. ಇಂದಿನ ಡಬ್ಲ್ಯುಡಬ್ಲ್ಯುಇ ಮಾದರಿಯ ಕುಸ್ತಿಯ ಬೇರು ಇರುವುದು ಇಲ್ಲಿ.

ಈ ಹೊಸ ವ್ಯವಸ್ಥೆಯ ಕಥೆಯಲ್ಲಿ ಜಿಬಿಸ್ಕೋ ಮತ್ತೆ ಕಾಣಿಸಿಕೊಳ್ಳುತ್ತಾನೆ. 1921ರಲ್ಲಿ ಲೂಯಿಸ್‌ನನ್ನು ಸೋಲಿಸಿ ವಿಶ್ವಪಟ್ಟ ಪಡೆದು, ಮರುವರ್ಷ ಅವನಿಗೇ ಮರಳಿಸಿದ. 1925ರ ಆರಂಭದಲ್ಲಿ ಆ ತ್ರಿಮೂರ್ತಿಗಳು ವೇಯ್ನ್ ಮನ್ ಎಂಬ ಆಜಾನುಬಾಹು ಫುಟ್‌ಬಾಲ್ ಆಟಗಾರನಿಗೆ ಪಟ್ಟ ಕಟ್ಟಿದರು. ನೋಡಲು ಭವ್ಯನಾಗಿದ್ದ ಮನ್‌ಗೆ ಕುಸ್ತಿ ಅಷ್ಟಾಗಿ ಬರುತ್ತಿರಲಿಲ್ಲ. ಅವನಿಗೆ ಸೋಲಬೇಕೆಂಬ ಕರಾರಿನ ಮೇಲೆ, ನಡುವಯಸ್ಸಿನ ಜಿಬಿಸ್ಕೋನನ್ನು ಏಪ್ರಿಲ್ 15ರಂದು ಫಿಲಡೆಲ್ಫಿಯಾದ ಕಣಕ್ಕಿಳಿಸಲಾಯಿತು. ಪ್ರತಿಸ್ಪರ್ಧಿ ಗುಂಪಿನೊಂದಿಗೆ ಗುಟ್ಟಾಗಿ ಕೈಜೋಡಿಸಿದ್ದ ಜಿಬಿಸ್ಕೋ, ಕಣಕ್ಕಿಳಿದೊಡನೆ ನಿಜವಾಗಿಯೇ ಕುಸ್ತಿ ಆಡಿಬಿಟ್ಟ. ಮನ್‌ನ ಭುಜಗಳನ್ನು ಮತ್ತೆ ಮತ್ತೆ ಚಾಪೆಗೆ ಒತ್ತಿ ಹಿಡಿದಾಗ ಅವನನ್ನೇ ವಿಜೇತನೆಂದು ಸಾರುವುದರ ಹೊರತು ರೆಫ್ರಿಗೆ ಬೇರೆ ದಾರಿ ಉಳಿಯಲಿಲ್ಲ. ಮುಂದಿನ ತಿಂಗಳೇ ಅವನು ಪಟ್ಟವನ್ನು, ಮೊದಲೇ ಆದ ಒಪ್ಪಂದದಂತೆ, ಜೋ ಸ್ಟೆಚರ್‌ಗೆ ದಾಟಿಸಿದ. ಇದರಲ್ಲಿ ಆದರ್ಶವೇನೂ ಇರಲಿಲ್ಲ, ಹಣದ ವ್ಯವಹಾರವಿತ್ತು. ಆದರೂ ಆ ಒಂದು ರಾತ್ರಿ, ನಾಟಕದ ನಡುವೆ ವಿದ್ಯೆಯೆಂಬುದು ಎದ್ದು ನಿಂತು ತನ್ನ ಇರವನ್ನು ತೋರಿಸಿತು.

ಮೂರು ವರ್ಷಗಳ ಬಳಿಕ ಇದೇ ಮನುಷ್ಯ ಭಾರತಕ್ಕೆ ಬಂದ. 1928ರ ಜನವರಿಯಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಆಶ್ರಯದಲ್ಲಿ, 18 ವರ್ಷಗಳಿಂದ ಬಾಕಿ ಉಳಿದಿದ್ದ ಕುಸ್ತಿ ಏರ್ಪಟ್ಟಿತು. ಈ ಸಲ ಚಾಪೆಯಲ್ಲ, ಮಣ್ಣಿನ ಅಖಾಡ. ಗಾಮಾನಿಗೆ 50 ಸಮೀಪಿಸುತ್ತಿತ್ತು. ಜಿಬಿಸ್ಕೋನ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ. ಕಿಕ್ಕಿರಿದ ಜನಸ್ತೋಮ ಸರಿಯಾಗಿ ಕಣ್ಣು ನೆಡುವುದರೊಳಗೆ ಎಲ್ಲ ಮುಗಿದಿತ್ತು. ಒಂದು ನಿಮಿಷವೂ ಆಗುವ ಮುನ್ನ ಜಿಬಿಸ್ಕೋನ ಬೆನ್ನು ಮಣ್ಣಿನ ಮೇಲಿತ್ತು.

ಲಂಡನ್ನಿನಲ್ಲಿ ಎರಡೂವರೆ ಗಂಟೆಯಲ್ಲಿ ಆಗದಿದ್ದದ್ದು ಪಟಿಯಾಲಾದಲ್ಲಿ ಕ್ಷಣಗಳಲ್ಲಿ ಆದದ್ದನ್ನು ಕೇವಲ ಸೇಡೆಂದು ಬಣ್ಣಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಮೊದಲನೆಯ ಕಣ ಒಬ್ಬನಿಗೆ ಒಗ್ಗಿದ್ದರೆ, ಎರಡನೆಯದು ಇನ್ನೊಬ್ಬನಿಗೆ ಒಗ್ಗಿತ್ತು. ಅದನ್ನು ಬಲ್ಲವನಾಗಿಯೂ ಸಾವಿರಾರು ಮೈಲಿ ದಾಟಿ, ಪರರ ಮಣ್ಣಿನಲ್ಲಿ, ಪರರ ನಿಯಮಕ್ಕೆ ಒಪ್ಪಿ ಜಿಬಿಸ್ಕೋ ಇಳಿದದ್ದು ಸಣ್ಣ ಸಂಗತಿಯಲ್ಲ. 1910ರಲ್ಲಿ ಬಾರದೆ ಹೋದವನು 1928ರಲ್ಲಿ ಬಂದ. ಈ ಸಲ ಅವನು ಬೋರಲು ಮಲಗಿ ಕಾಲ ನೂಕಲಿಲ್ಲ.

ಇಬ್ಬರ ಉತ್ತರಜೀವನವೂ ಮನಸ್ಸನ್ನು ತಟ್ಟುವಂಥದು. ದೇಶವಿಭಜನೆಯ ತರುವಾಯ ಗಾಮಾ ಲಾಹೋರಿನಲ್ಲಿ ನೆಲೆಸಿದ. ವಿಭಜನೆಯ ಹಿಂಸಾಚಾರದ ದಿನಗಳಲ್ಲಿ ತನ್ನ ಬೀದಿಯ ಹಿಂದೂ ಕುಟುಂಬಗಳಿಗೆ ಕಾವಲು ನಿಂತನೆಂದು ಹೇಳುತ್ತಾರೆ. ಸಂಸ್ಥಾನಗಳು ಹೋದ ಮೇಲೆ ಪೈಲ್ವಾನರನ್ನು ಸಾಕುವವರೂ ಇಲ್ಲವಾದರು. ಕೊನೆಗಾಲದಲ್ಲಿ ರೋಗ, ಬಡತನಗಳು ಕಾಡಿದವು. ಭಾರತದಿಂದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ನೆರವು ಕಳುಹಿಸಿದ್ದುಂಟು. 1960ರ ಮೇ ತಿಂಗಳಲ್ಲಿ ಗಾಮಾ ತೀರಿಕೊಂಡ. ಜಿಬಿಸ್ಕೋ ಅಮೆರಿಕದ ಮಿಸ್ಸೂರಿಯಲ್ಲಿ ನೆಲೆ ನಿಂತು 1967ರಲ್ಲಿ ನಿಧನನಾದ. ಅದಕ್ಕೂ ಮುಂಚೆ, 1950ರಲ್ಲಿ, ಜೂಲ್ಸ್ ಡಾಸಿನ್ ನಿರ್ದೇಶನದ ‘ನೈಟ್ ಅಂಡ್ ದಿ ಸಿಟಿ’ ಚಿತ್ರದಲ್ಲಿ ಅವನೊಂದು ಪಾತ್ರ ವಹಿಸಿದ್ದ. ಬಣ್ಣದ ವೇಷದ ಕುಸ್ತಿಯನ್ನು ಹೇಸುವ, ನಿಜವಾದ ಮಲ್ಲವಿದ್ಯೆಗಾಗಿ ಹಟ ಹಿಡಿಯುವ, ಕಡೆಯ ಸಲ ನಿಜವಾಗಿಯೇ ಸೆಣಸಿ ಗೆದ್ದು ಪ್ರಾಣ ಬಿಡುವ ಮುದಿ ಪೈಲ್ವಾನನ ಪಾತ್ರವದು. ಆ ಕಥೆ ನಡೆಯುವುದೂ ಲಂಡನ್ನಿನಲ್ಲಿಯೇ. ನಲವತ್ತು ವರ್ಷಗಳ ಹಿಂದೆ ಅದೇ ನಗರದ ಜನರಿಂದ ನಿಂದೆ ಕೇಳಿಸಿಕೊಂಡವನು ತೆರೆಯ ಮೇಲೆ ನೈಜ ಕುಸ್ತಿಯ ಪ್ರತಿನಿಧಿಯಾಗಿ ನಿಂತ.

ವೃತ್ತಿಪರ ಕುಸ್ತಿಯ ನಾಟಕವನ್ನು ಈಗ ಯಾರೂ ಮುಚ್ಚಿಡುವುದಿಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಅಂದಿನ ಡಬ್ಲ್ಯುಡಬ್ಲ್ಯುಎಫ್ ಕಂಪೆನಿಯೇ ತನ್ನದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ನಿಯಂತ್ರಣದಿಂದ ಪಾರಾಗಲು ಹೇಳಿದ ಸತ್ಯವದು. 2007ರ ಜುಲೈನಲ್ಲಿ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ನಮ್ಮ ಮಕ್ಕಳೆಲ್ಲ ಬಲ್ಲ ಗ್ರೇಟ್ ಖಲಿ, ಡಬ್ಲ್ಯುಡಬ್ಲ್ಯುಇ ವಿಶ್ವ ಹೆವಿವೇಟ್ ಚಾಂಪಿಯನ್ ಆದಾಗ ನಮ್ಮ ಸುದ್ದಿವಾಹಿನಿಗಳು ಸಂಭ್ರಮಿಸಿದವು. ಏಳಡಿಯ ಖಲಿಗೆ ಪಟ್ಟ ಕೊಟ್ಟದ್ದು ಚಿತ್ರಕಥೆ. ಕುಳ್ಳನೆಂದು ಬಾಗಿಲಲ್ಲೇ ತಡೆಯಲ್ಪಟ್ಟ ಗಾಮಾನಿಗೆ ಪಟ್ಟ ಕೊಟ್ಟದ್ದು ಎದುರಾಳಿಯ ಗೈರುಹಾಜರಿ. ಆ ಕಲಾವಿದರ ಶ್ರಮ, ಅಪಾಯ, ಮೈನೋವುಗಳು ಸುಳ್ಳಲ್ಲ. ಅವರನ್ನು ಹೀಯಾಳಿಸುವುದು ತರವಲ್ಲ. ಆದರೆ ಎರಡು ಪಟ್ಟಗಳೂ ಒಂದೇ ಬಗೆಯವೆಂದು ಭ್ರಮಿಸಬಾರದು.

1910ರ ಆ ಪಂದ್ಯ ನೈಜವಾಗಿತ್ತೆಂಬುದಕ್ಕೆ ಅದರ ನೀರಸತೆಯೇ ಬಲವಾದ ಸಾಕ್ಷಿ. ಯಾವ ಕಥೆಗಾರನೂ, ಯಾವ ವ್ಯಾಪಾರಿಯೂ ಅಂಥ ಪಂದ್ಯವನ್ನು ಹೆಣೆಯುತ್ತಿರಲಿಲ್ಲ. ಅಲ್ಲಿ ಗೆಲ್ಲಬೇಕೆಂದು ಹೊರಟವನಿಗೆ ಗೆಲ್ಲಲಾಗಲಿಲ್ಲ. ಸೋಲಲಾರೆನೆಂದು ಪಟ್ಟು ಹಿಡಿದವನನ್ನು ಸೋಲಿಸಲಾಗಲಿಲ್ಲ. ಇಬ್ಬರೂ ತಮ್ಮ ಸಾಮರ್ಥ್ಯದ ಎಲ್ಲೆ ಮುಟ್ಟಿದ್ದರು. ನೋಡುವವರಿಗೆ ಮಾತ್ರ ಕಾಣಲು ಏನೂ ಇರಲಿಲ್ಲ.

ನಮ್ಮಲ್ಲಿಯೂ ಈ ಬಿಕ್ಕಟ್ಟು ಅಪರಿಚಿತವಲ್ಲ. ಮೈಸೂರಿನ ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟುವ ಹಿರಿಯರು ಪಾಯಿಂಟ್ ಕುಸ್ತಿ, ಮಾರ್ಫಿಟ್ ಕುಸ್ತಿ ಎಂದು ಎರಡನ್ನೂ ಇಟ್ಟುಕೊಂಡಿದ್ದಾರೆ. ಒಂದರಲ್ಲಿ ಅಂಕಗಳ ಲೆಕ್ಕ. ಇನ್ನೊಂದರಲ್ಲಿ ಬೆನ್ನು ಮಣ್ಣಿಗೆ ತಾಗಬೇಕು. ಮಾರ್ಫಿಟ್ ಕುಸ್ತಿ ಬಹಳ ಹೊತ್ತು ಎಳೆದಾಗ ಸುತ್ತ ಕುಳಿತವರಿಂದ ಶಿಳ್ಳೆ, ಕೂಗು ಏಳುತ್ತವೆ. ಕಣದೊಳಗೆ ಇಬ್ಬರು ಹುಡುಗರು ಕೊರಳಿಗೆ ಕೊರಳು ಕೊಟ್ಟು, ಮಿಸುಕದೆ, ಒಬ್ಬರ ಉಸಿರನ್ನು ಇನ್ನೊಬ್ಬರು ಅಳೆಯುತ್ತ ನಿಂತಿರುತ್ತಾರೆ. ನಾವು ಕೂಗುವ ಮುನ್ನ ಒಂದು ಗಳಿಗೆ ಸುಮ್ಮನಿದ್ದು ಅವರ ಕಾಲ್ಬೆರಳುಗಳು ಮಣ್ಣನ್ನು ಹೇಗೆ ಕಚ್ಚಿ ಹಿಡಿದಿವೆ ಎಂಬುದನ್ನು ನೋಡಿದರೆ, ವೈಟ್ ಸಿಟಿಯ ಆ ದೀರ್ಘ ಸಂಜೆಯಲ್ಲಿ ಏನು ನಡೆಯುತ್ತಿತ್ತೆಂಬುದು ಸ್ವಲ್ಪವಾದರೂ ತಿಳಿದೀತು.